ಕಡಲ ತಳದ ಪೈಪಿಗೆ ಆಸರೆ ಯಾವುದು? ಸ್ಟ್ರೆಸ್ ಮಾಡೆಲ್‌ನಲ್ಲಿ ಸಪೋರ್ಟ್ ಕೂರಿಸುವ ಬಗೆ

ಮಂಗಳೂರಿನ ಕಡಲಲ್ಲಿ, ದಡದಿಂದ ದೂರಕ್ಕೆ, ದೊಡ್ಡ ತೈಲ ಹಡಗುಗಳು ಬಂದು ಕಟ್ಟಿಕೊಳ್ಳುವ ಒಂದು ತೇಲುವ ಬೋಯ್ ಇದೆ. ಹಡಗಿನಲ್ಲಿ ಬಂದ ಕಚ್ಚಾ ತೈಲ ಅಲ್ಲಿಂದ ಕಡಲ ತಳದ ಪೈಪಿನಲ್ಲಿ ಹರಿದು ದಡ ಸೇರುತ್ತದೆ. ಅದೇ ಮಂಗಳೂರಿನಿಂದ ಪೆಟ್ರೋಲು, ಡೀಸೆಲ್ಲು ಇನ್ನೊಂದು ಪೈಪಿನಲ್ಲಿ ಘಟ್ಟ ಹತ್ತಿ ಹಾಸನಕ್ಕೆ ಬಂದು, ಮುಂದೆ ಬೆಂಗಳೂರಿನ ಹೊರವಲಯಕ್ಕೆ ಹೋಗುತ್ತದೆ. ಮಂಗಳೂರು–ಹಾಸನ–ಬೆಂಗಳೂರು ಪೈಪ್‌ಲೈನ್ ಎಂದು ಕರೆಯುವ ಈ ಸಾಲಿನ ಉದ್ದ ಸುಮಾರು 360 ಕಿ.ಮೀ. ಹಾಸನದ ಸುತ್ತಮುತ್ತ ಹೊಲಗಳ ನಡುವೆ ಅದರ ಗುರುತಿನ ಕಂಬಗಳನ್ನು ಕಂಡವರು ಬಹಳ ಮಂದಿ.

ಎರಡೂ ಉಕ್ಕಿನ ಪೈಪುಗಳೇ. ಆದರೆ ಲೆಕ್ಕ ಹಾಕುವವನಿಗೆ ಇವೆರಡರ ನಡುವೆ ಒಂದು ದೊಡ್ಡ ವ್ಯತ್ಯಾಸ ಇದೆ. ಹಾಸನದ ಪೈಪನ್ನು ಮಣ್ಣು ಸುತ್ತಲಿಂದ ಹಿಡಿದುಕೊಂಡಿದೆ. ಮೇಲೆ ಕೆಳಗೆ ಅಕ್ಕಪಕ್ಕ ಎಲ್ಲೂ ಸುಲಭವಾಗಿ ಹೋಗಲು ಬಿಡುವುದಿಲ್ಲ. ಕಡಲ ಪೈಪಿಗೆ, ದಡದ ಹತ್ತಿರ ಅಗೆದು ಹೂತ ಭಾಗ ಬಿಟ್ಟರೆ, ಬಹಳ ಕಡೆ ಆ ಭಾಗ್ಯ ಇಲ್ಲ. ಅದು ತಳದ ಮೇಲೆ ಬರಿದೇ ಮಲಗಿರುತ್ತದೆ.

ಹಾಸನದಲ್ಲಿ ಮೆಕ್ಯಾನಿಕಲ್ ಮುಗಿಸಿ ಬೆಂಗಳೂರು, ಚೆನ್ನೈ, ಮುಂಬೈಗಳ ಡಿಸೈನ್ ಆಫೀಸು ಸೇರುವ ಮಕ್ಕಳು ಪ್ರತಿ ವರ್ಷ ಇದ್ದಾರೆ. ಹಾಗೆ ಪೈಪ್ ಸ್ಟ್ರೆಸ್ ವಿಭಾಗಕ್ಕೆ, ಎಂದರೆ ತೂಕ, ಬಿಸಿ, ಪ್ರೆಶರ್‌ಗಳಿಂದ ಪೈಪಿನ ಉಕ್ಕಿನಲ್ಲಿ ಏಳುವ ಒತ್ತಡವನ್ನು ಕಂಪ್ಯೂಟರ್ ಮಾಡೆಲ್‌ನಲ್ಲಿ ಲೆಕ್ಕ ಹಾಕುವ ವಿಭಾಗಕ್ಕೆ, ಸೇರಿದ ಬೇಲೂರು ಕಡೆಯ ಹುಡುಗಿಯೊಬ್ಬಳು ಊರಿಗೆ ಬಂದಾಗ ಕೇಳಿದಳು: “ಸರ್, ರಿಫೈನರಿ ಪೈಪಿಗಾದರೆ ಆರು ಮೀಟರಿಗೊಂದು ಸಪೋರ್ಟ್ ಹಾಕ್ತೀವಿ. ಸಮುದ್ರದ ತಳಕ್ಕೆ ಎಷ್ಟು ಮೀಟರಿಗೊಂದು ಹಾಕ್ಬೇಕು?”

ಈ ಪ್ರಶ್ನೆಗೆ ಒಂದು ಸಂಖ್ಯೆಯನ್ನು ಉತ್ತರವಾಗಿ ಕೊಟ್ಟುಬಿಟ್ಟರೆ ಅಲ್ಲಿಂದಲೇ ಲೆಕ್ಕ ದಾರಿ ತಪ್ಪುತ್ತದೆ. ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಸಪೋರ್ಟ್ ಎಂದರೆ ಚುಕ್ಕಿ ಅಲ್ಲ

ಪೈಪಿನ ಮೇಲಿನ ಯಾವುದೇ ಒಂದು ಜಾಗ ಆರು ಬಗೆಯಲ್ಲಿ ಕದಲಬಹುದು: ಪೈಪಿನ ಉದ್ದಕ್ಕೆ, ಅಡ್ಡಕ್ಕೆ, ಮೇಲೆ ಕೆಳಗೆ, ಜೊತೆಗೆ ಈ ಮೂರು ದಿಕ್ಕಿನ ಸುತ್ತ ತಿರುಗುವುದು. ಸಪೋರ್ಟ್ ಹಾಕುವುದು ಎಂದರೆ ಈ ಆರರಲ್ಲಿ ಪ್ರತಿಯೊಂದಕ್ಕೂ ಉತ್ತರ ಬರೆಯುವುದು. ತಡೆಯುತ್ತದೆಯೇ ಇಲ್ಲವೇ? ತಡೆದರೆ ಎಷ್ಟು ಗಟ್ಟಿಯಾಗಿ? ಮುಟ್ಟಿದ ಕೂಡಲೇ ತಡೆಯುತ್ತದೆಯೋ, ಸ್ವಲ್ಪ ಸಂದು ಬಿಟ್ಟು ಆಮೇಲೋ? ಕೆಳಕ್ಕೆ ಮಾತ್ರ ತಡೆದು ಮೇಲಕ್ಕೆ ಏಳಲು ಬಿಡುತ್ತದೆಯೋ? ಒಂದು ಮಿತಿ ದಾಟಿದ ಮೇಲೆ ಜಾರಿಬಿಡುತ್ತದೆಯೋ?

ರಿಫೈನರಿಯ ಪೈಪ್ ರ‍್ಯಾಕಿನಲ್ಲಿ ಈ ಉತ್ತರಗಳು ಸಿದ್ಧವಾಗಿಯೇ ಸಿಗುತ್ತವೆ. ರೆಸ್ಟ್ ಎಂದರೆ ಕೆಳಗೆ ಬೀಳದಂತೆ ಹಿಡಿಯುವುದು, ಗೈಡ್ ಎಂದರೆ ಅಡ್ಡ ಹೋಗದಂತೆ, ಲೈನ್ ಸ್ಟಾಪ್ ಎಂದರೆ ಉದ್ದಕ್ಕೆ ಸರಿಯದಂತೆ, ಆಂಕರ್ ಎಂದರೆ ಆರೂ ಬಂದ್. ಸೀಸರ್, ಆಟೋಪೈಪ್‌ನಂಥ ಸಾಫ್ಟ್‌ವೇರಿನಲ್ಲಿ ನೋಡ್ (ಲೆಕ್ಕಕ್ಕಾಗಿ ಪೈಪಿನ ಮೇಲೆ ಗುರುತಿಸಿದ ಬಿಂದು) ಆರಿಸಿ ಸಪೋರ್ಟ್ ಒತ್ತಿದರೆ ಮುಗಿಯಿತು. ಗಟ್ಟಿತನದ ಜಾಗ ಖಾಲಿ ಬಿಟ್ಟರೆ ಸಾಫ್ಟ್‌ವೇರ್ ತಾನೇ ಒಂದು ಭಾರಿ ಸಂಖ್ಯೆ ತುಂಬಿಕೊಂಡು, ಅಲ್ಲಿ ಏನೂ ಕದಲುವುದಿಲ್ಲ ಎಂದು ತಿಳಿಯುತ್ತದೆ. ಕಾಂಕ್ರೀಟ್ ಅಡಿಪಾಯದ ಮೇಲೆ ನಿಂತ ಉಕ್ಕಿನ ರ‍್ಯಾಕಿಗೆ ಅದು ಬಹುಮಟ್ಟಿಗೆ ನಡೆಯುತ್ತದೆ.

ಕಡಲ ತಳಕ್ಕೆ ನಡೆಯುವುದಿಲ್ಲ. ಅಲ್ಲಿ ತಳವೇ ಸಪೋರ್ಟ್, ಅದು ಉದ್ದಕ್ಕೂ ಇದೆ, ಮತ್ತು ಆ ತಳ ಮರಳೋ ಜೇಡಿಯೋ ಆಗಿರುತ್ತದೆ. ಮಾಡೆಲ್‌ನಲ್ಲಿ ನಾವು ಅದನ್ನು ಹತ್ತಿರ ಹತ್ತಿರದ ನೋಡ್‌ಗಳಲ್ಲಿ ಸ್ಪ್ರಿಂಗ್‌ಗಳಾಗಿ ಒಡೆದು ಹಾಕುತ್ತೇವೆ ಅಷ್ಟೆ. ಎರಡು ನೋಡ್‌ಗಳ ಅಂತರ ಲೆಕ್ಕದ ಅನುಕೂಲಕ್ಕೆ ಸಂಬಂಧಿಸಿದ್ದು, ಪೈಪಿನ ಆಸರೆಗೆ ಸಂಬಂಧಿಸಿದ್ದಲ್ಲ. ಬಾಗು ಹೆಚ್ಚಿರುವ ಕಡೆ, ಎಂದರೆ ಸ್ಪೂಲಿನ (ಪೈಪ್‌ಲೈನಿನ ತುದಿಗೆ ಜೋಡಿಸುವ ಬಾಗಿದ ತುಂಡು) ಹತ್ತಿರ, ತಳ ಬಿಟ್ಟು ಏಳುವ ಜಾಗದಲ್ಲಿ, ಒಂದು ಪೈಪ್ ವ್ಯಾಸದಷ್ಟು ಅಂತರಕ್ಕೆ ನೋಡ್ ಇರಲಿ. ನೇರವಾಗಿ ಮಲಗಿದ ಉದ್ದನೆಯ ಭಾಗದಲ್ಲಿ ಐದು ಹತ್ತು ಮೀಟರ್ ಆದರೂ ತೊಂದರೆ ಇಲ್ಲ. ಸ್ಪೂಲಿನಡಿ ಆರು ಮೀಟರಿಗೊಂದು ಗಟ್ಟಿ ರೆಸ್ಟ್ ಹಾಕಿದರೆ, ನಿಜದಲ್ಲಿ ಇಲ್ಲದ ಬಾಗು ಮಾಡೆಲ್‌ನಲ್ಲಿ ಆ ರೆಸ್ಟ್‌ಗಳ ಮೇಲೆ ಕಾಣುತ್ತದೆ, ನಿಜದಲ್ಲಿ ಇರುವ ಘರ್ಷಣೆ ತಪ್ಪು ಜಾಗಕ್ಕೆ ಹೋಗಿ ಕೂರುತ್ತದೆ.

ಒಂದು ಪೈಪ್ ಹಿಡಿದು ಲೆಕ್ಕ ನೋಡೋಣ

ಹನ್ನೆರಡು ಇಂಚಿನ ಪೈಪ್ ಎಂದು ಕರೆಯುವುದನ್ನೇ ತೆಗೆದುಕೊಳ್ಳೋಣ. ಹೊರವ್ಯಾಸ 323.9 ಮಿ.ಮೀ., ಗೋಡೆಯ ದಪ್ಪ 15.9 ಮಿ.ಮೀ. ಉಕ್ಕಿನ ತೂಕವೇ ಮೀಟರಿಗೆ ಸುಮಾರು 121 ಕೆ.ಜಿ. ಒಳಗೆ ತೈಲ ತುಂಬಿದರೆ ಇನ್ನೊಂದು 57 ಕೆ.ಜಿ. ಒಟ್ಟು 178. ಆದರೆ ಪೈಪ್ ನೀರಿನಲ್ಲಿದೆ. ಅದು ಜಾಗ ಬಿಡಿಸಿದ ಸಮುದ್ರದ ನೀರು ಮೀಟರಿಗೆ ಸುಮಾರು 84.5 ಕೆ.ಜಿ. ಇದ್ದು, ಅಷ್ಟನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ತಳದ ಮೇಲೆ ಬೀಳುವ ನಿಜವಾದ ತೂಕ ಮೀಟರಿಗೆ 93 ಕೆ.ಜಿ., ಅಂದರೆ ಸುಮಾರು 915 ನ್ಯೂಟನ್. ಹೊರಲೇಪದ ತೂಕವನ್ನು ಇಲ್ಲಿ ಬಿಟ್ಟಿದ್ದೇನೆ.

178 ಮತ್ತು 93. ತೇಲುವಿಕೆಯ ಆಯ್ಕೆ ಒತ್ತಲು ಮರೆತರೆ ತಳದ ಘರ್ಷಣೆ ಸುಮಾರು ಎರಡರಷ್ಟಾಗಿ ಬಿಡುತ್ತದೆ. ಎರಡರಷ್ಟು ಹಿಡಿತ ಎಂದರೆ ಪೈಪಿನ ತುದಿ ನಿಜಕ್ಕಿಂತ ಅರ್ಧದಷ್ಟೇ ಚಾಚುತ್ತದೆ ಎಂಬ ಹುಸಿ ಸಮಾಧಾನ.

ಈ ಪೈಪನ್ನು ತಣ್ಣಗಿದ್ದಾಗ ಇಳಿಸಿ, ಆಮೇಲೆ ಅದಕ್ಕಿಂತ 50 ಡಿಗ್ರಿ ಬಿಸಿಯಾದ ತೈಲ ಹರಿಸುತ್ತೇವೆ ಎಂದಿಟ್ಟುಕೊಳ್ಳಿ. ಉಕ್ಕು ಹಿಗ್ಗಲು ನೋಡುತ್ತದೆ. ಪೂರ್ತಿ ಹಿಡಿದಿಟ್ಟರೆ ಪ್ರತಿ ಡಿಗ್ರಿಗೆ ಸುಮಾರು 2.4 ಮೆಗಾಪಾಸ್ಕಲ್ ಸ್ಟ್ರೆಸ್. ಈ ಪೈಪಿನ ಅಡ್ಡಕೊಯ್ತಕ್ಕೆ ಅದು ಸುಮಾರು 1860 ಕಿಲೋನ್ಯೂಟನ್ ಬಲ. ಒಳಗಿನ ಪ್ರೆಶರ್ ಹೊರಗಿಗಿಂತ 100 ಬಾರ್ ಹೆಚ್ಚಿದ್ದರೆ ಅದೂ ತುದಿಯನ್ನು ಹೊರಕ್ಕೆ ದಬ್ಬುತ್ತದೆ. ಅದರ ಪಾಲು ಇನ್ನೊಂದು 270 ಕಿಲೋನ್ಯೂಟನ್. ಕೂಡಿಸಿದರೆ 2130 ಕಿಲೋನ್ಯೂಟನ್, ನಮ್ಮ ಮಾತಿನಲ್ಲಿ ಇನ್ನೂರಕ್ಕೂ ಹೆಚ್ಚು ಟನ್. ಸಬ್‌ಸೀ, ಎಂದರೆ ಕಡಲ ತಳದ, ಕೆಲಸದಲ್ಲಿ ಇದನ್ನೇ ಪೂರ್ತಿ ಹಿಡಿದಿಟ್ಟ ಜಾಗದ ಎಫೆಕ್ಟಿವ್ ಆಕ್ಸಿಯಲ್ ಫೋರ್ಸ್ ಎನ್ನುತ್ತಾರೆ. ಪೈಪ್ ಹಾಕುವಾಗ ಉಳಿದ ಎಳೆತ ಇದರಲ್ಲಿ ಸ್ವಲ್ಪ ಕಳೆಯುತ್ತದೆ. ಸರಳವಾಗಲಿ ಎಂದು ಅದನ್ನೂ ಬಿಟ್ಟಿದ್ದೇನೆ.

ಇಷ್ಟು ಬಲವನ್ನು ಹಿಡಿಯುವವರು ಯಾರು? ತಳದ ಘರ್ಷಣೆ ಒಂದೇ. ಘರ್ಷಣೆಯ ಅಂಕ 0.5 ಎಂದುಕೊಂಡರೆ ಮೀಟರಿಗೆ 457 ನ್ಯೂಟನ್ ಹಿಡಿತ ಸಿಗುತ್ತದೆ. ತುದಿಯಿಂದ ಒಳಕ್ಕೆ ಹೋಗುತ್ತ ಹೋಗುತ್ತ ಈ ಹಿಡಿತ ಕೂಡಿಕೊಂಡು 2130 ಕಿಲೋನ್ಯೂಟನ್ ಮುಟ್ಟಲು ಬೇಕಾದ ಉದ್ದ ಸುಮಾರು 4.7 ಕಿ.ಮೀ. ಅಲ್ಲಿಂದ ಆಚೆ ಪೈಪ್ ಉದ್ದಕ್ಕೆ ಕದಲುವುದಿಲ್ಲ. ಅಲ್ಲಿ ಯಾರೂ ಕಾಂಕ್ರೀಟ್ ಹಾಕಿಲ್ಲ, ಬೋಲ್ಟ್ ಬಿಗಿದಿಲ್ಲ. ಆದರೂ ಅದು ಆಂಕರ್. ಅದಕ್ಕೇ ವರ್ಚುವಲ್ ಆಂಕರ್ ಎಂಬ ಹೆಸರು. ಆ ಜಾಗದಿಂದ ತುದಿಯವರೆಗಿನ ಪೈಪ್ ಒಟ್ಟು ಹಿಗ್ಗಿ, ತುದಿ 1.56 ಮೀಟರ್ ಮುಂದೆ ಬರುತ್ತದೆ.

ಒಂದೂವರೆ ಮೀಟರಿಗೂ ಮಿಕ್ಕಿ! ರಿಫೈನರಿಯಲ್ಲಿ ಕೆಲವು ಹತ್ತು ಮಿಲಿಮೀಟರ್ ಸರಿತಕ್ಕೇ ಲೂಪ್ (ಹಿಗ್ಗಿದ್ದನ್ನು ನುಂಗಲು ಪೈಪಿನಲ್ಲಿ ಬಿಡುವ ಬಳಸು) ಹಾಕಿ ಅಭ್ಯಾಸ ಇರುವವರಿಗೆ ಈ ಸಂಖ್ಯೆ ನಂಬಲು ಕಷ್ಟ. ಇನ್ನೂ ಮುಖ್ಯವಾದ ಮಾತು ಮುಂದಿದೆ. ಘರ್ಷಣೆಯ ಅಂಕ 0.3 ಆದರೆ ಆಂಕರ್ ಉದ್ದ ಸುಮಾರು 7.8 ಕಿ.ಮೀ.ಗೆ ಹೋಗಿ ತುದಿ 2.6 ಮೀಟರ್ ಚಾಚುತ್ತದೆ. 0.8 ಆದರೆ ಉದ್ದ 2.9 ಕಿ.ಮೀ., ಚಾಚುವಿಕೆ ಒಂದು ಮೀಟರಿಗಿಂತ ತುಸು ಕಡಿಮೆ. ಪೈಪ್ ಅದೇ, ಬಿಸಿ ಅದೇ, ಪ್ರೆಶರ್ ಅದೇ. ಮಣ್ಣಿನ ಬಗ್ಗೆ ನಾವು ಬರೆದ ಒಂದೇ ಒಂದು ಅಂಕ ಉತ್ತರವನ್ನು ಎರಡೂವರೆ ಪಟ್ಟು ಆಚೀಚೆ ಮಾಡಿತು.

ಅದಕ್ಕೇ ಮಣ್ಣಿನ ವರದಿ ಒಂದು ಅಂಕ ಕೊಡುವುದಿಲ್ಲ, ಮೂರು ಕೊಡುತ್ತದೆ: ಕೆಳಮಿತಿ, ಉತ್ತಮ ಅಂದಾಜು, ಮೇಲ್ಮಿತಿ. ಡಿಎನ್‌ವಿ ಎಂಬ ನಾರ್ವೆ ಮೂಲದ ಮಾನದಂಡ ಸಂಸ್ಥೆಯ ಆರ್‌ಪಿ-ಎಫ್114 ಎಂಬ ದಾಖಲೆ ಪೈಪ್ ಮತ್ತು ಮಣ್ಣಿನ ಸಂಬಂಧಕ್ಕೆಂದೇ ಇರುವುದು. ಹೊಸಬರು ಉತ್ತಮ ಅಂದಾಜು ಒಂದನ್ನೇ ಎತ್ತಿಕೊಂಡು ಓಡಿಸಿ ವರದಿ ಕಟ್ಟಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೂರರಲ್ಲಿ ಯಾವುದು ಕೆಟ್ಟದ್ದು ಎಂದು ಮೊದಲೇ ಹೇಳಲು ಬರುವುದಿಲ್ಲ, ಏಕೆಂದರೆ ಅದು ನೀವು ನೋಡುತ್ತಿರುವ ತುಂಡಿನ ಮೇಲೆ ನಿಂತಿದೆ. ಪೈಪ್‌ಲೈನಿನ ತುದಿಗೂ ತಳದಿಂದ ಪ್ಲಾಟ್‌ಫಾರ್ಮಿಗೆ ಏರುವ ಪೈಪಾದ ರೈಸರಿಗೂ ನಡುವೆ ಜೋಡಿಸುವ ಎಲ್ ಅಥವಾ ಝಡ್ ಆಕಾರದ ಸ್ಪೂಲನ್ನೇ ನೋಡಿ. ತುದಿ ಚಾಚಿದಷ್ಟನ್ನೂ ಬಾಗಿ ನುಂಗಿಕೊಳ್ಳುವುದು ಅದರ ಕೆಲಸ. ಪೈಪ್‌ಲೈನಿನಡಿ ಘರ್ಷಣೆ ಕಡಿಮೆ ಇದ್ದಷ್ಟೂ ಸ್ಪೂಲಿಗೆ ಬರುವ ತಳ್ಳು ಹೆಚ್ಚು. ಆದರೆ ಸ್ಪೂಲಿನ ಅಡಿಯಲ್ಲೇ ಘರ್ಷಣೆ ಹೆಚ್ಚಿದ್ದರೆ ಅದು ಸಲೀಸಾಗಿ ಬಾಗಲಾರದೆ ಬೆಂಡಿನ ಜಾಗದಲ್ಲಿ ಸ್ಟ್ರೆಸ್ ಏರುತ್ತದೆ. ಹಾಗಾಗಿ ಸ್ಪೂಲಿಗೆ ಕೆಟ್ಟ ಜೋಡಿ: ಪೈಪ್‌ಲೈನಿಗೆ ಕೆಳಮಿತಿ, ಸ್ಪೂಲಿಗೆ ಮೇಲ್ಮಿತಿ. ಎರಡಕ್ಕೂ ಒಂದೇ ಅಂಕ ಹಾಕಿದ ಮಾಡೆಲ್‌ನಲ್ಲಿ ಈ ಜೋಡಿ ಕಾಣುವುದೇ ಇಲ್ಲ.

ಸ್ಪೂಲನ್ನು ಪ್ರತ್ಯೇಕ ಮಾಡೆಲ್ ಮಾಡುವಾಗ ಪೈಪ್‌ಲೈನ್ ಕಡೆಯ ತುದಿಗೆ ಆಂಕರ್ ಒತ್ತಿ ಸುಮ್ಮನಾಗುವುದು ನಾನು ಬಹಳ ಕಡೆ ಕಂಡ ಅಭ್ಯಾಸ. ಆಂಕರ್ ಹಾಕಬಹುದು, ಆದರೆ ಅದಕ್ಕೆ ಆ ಒಂದೂವರೆ ಎರಡೂವರೆ ಮೀಟರಿನ ಸರಿತವನ್ನು ಉಣಿಸಲೇಬೇಕು. ಸರಿತ ಕೊಡದ ಆಂಕರ್, ಇನ್ನೂರು ಟನ್ ಬಲವನ್ನು ಸದ್ದಿಲ್ಲದೆ ತಾನೇ ನುಂಗಿ, ಸ್ಪೂಲ್ ಸುರಕ್ಷಿತ ಎಂದು ಹೇಳಿಬಿಡುತ್ತದೆ.

ಅಡ್ಡಕ್ಕೆ ಹೋಗುವ ಪೈಪ್

ಮಲೆನಾಡಿನ ಕಾಫಿ ತೋಟದವರಿಗೆ ಮುಂದಿನ ಮಾತು ಕೂಡಲೇ ಅರ್ಥವಾಗುತ್ತದೆ. ಹೂಮಳೆ ಬಾರದೆ ಫೆಬ್ರವರಿ, ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಹಚ್ಚಲು ನೆಲದ ಮೇಲೆ ಎಳೆದ ಕಪ್ಪು ಎಚ್‌ಡಿಪಿಇ ಪೈಪ್, ಬೆಳಗ್ಗೆ ನೇರವಾಗಿದ್ದದ್ದು ಮಧ್ಯಾಹ್ನದ ಬಿಸಿಲಿಗೆ ಹಾವಿನಂತೆ ಸೊಟ್ಟಗಾಗಿರುತ್ತದೆ. ಎರಡು ತುದಿ ಕಟ್ಟಿದೆ, ನಡುವೆ ಹಿಗ್ಗಲು ಜಾಗ ಇಲ್ಲ, ಹಾಗಾಗಿ ಪಕ್ಕಕ್ಕೆ ಹೊರಳುತ್ತದೆ. ಮೋಟರ್ ಹಾಕಿ ತಣ್ಣೀರು ಹರಿದ ಮೇಲೆ ಎಳೆದುಕೊಳ್ಳುತ್ತದೆ, ಆದರೆ ಮೊದಲಿದ್ದ ಗೆರೆಗೆ ಪೂರ್ತಿ ಬರುವುದಿಲ್ಲ. ಪ್ಲಾಸ್ಟಿಕ್ಕು ಉಕ್ಕಿಗಿಂತ ಹತ್ತು ಪಟ್ಟಿಗೂ ಹೆಚ್ಚು ಹಿಗ್ಗುವುದರಿಂದ ತೋಟದಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಕಡಲ ತಳದ ಬಿಸಿ ಉಕ್ಕಿನ ಪೈಪಿನಲ್ಲಿ ನಡೆಯುವುದೂ ಇದೇ. ಲ್ಯಾಟರಲ್ ಬಕ್ಲಿಂಗ್ ಎಂದು ಅದಕ್ಕೆ ಹೆಸರು.

ತೋಟದಲ್ಲಿ ಪೈಪ್ ಸೊಟ್ಟಗಾದರೆ ನಷ್ಟ ಏನೂ ಇಲ್ಲ. 2000ನೇ ಇಸವಿಯ ಜನವರಿಯಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊ ಪಕ್ಕದ ಗ್ವಾನಬಾರಾ ಕೊಲ್ಲಿಯಲ್ಲಿ ಬಿಸಿ ಇಂಧನ ತೈಲದ ಪೈಪೊಂದು ಮೆತ್ತನೆಯ ಕೆಸರಿನ ಮೇಲೆ ಸುಮಾರು ನಾಲ್ಕು ಮೀಟರ್ ಪಕ್ಕಕ್ಕೆ ಹೊರಳಿ, ಮಡಿಸಿಕೊಂಡ ಜಾಗದಲ್ಲಿ ಒಡೆಯಿತು. ಸುಮಾರು 13 ಲಕ್ಷ ಲೀಟರ್ ತೈಲ ಕೊಲ್ಲಿಗೆ ಹರಿದು, ಮೀನುಗಾರರ ಬದುಕೂ ಕಾಂಡ್ಲಾ ಕಾಡೂ ಹಾಳಾದವು. ಪೈಪಿನ ಉಕ್ಕಿನಷ್ಟೇ ಅದರಡಿಯ ಮಣ್ಣೂ ವಿನ್ಯಾಸದ ಭಾಗ ಎಂದು ಈ ಉದ್ಯಮಕ್ಕೆ ಮನದಟ್ಟು ಮಾಡಿದ ಘಟನೆಗಳಲ್ಲಿ ಇದೂ ಒಂದು.

ಅಡ್ಡ ದಿಕ್ಕಿನ ಸ್ಪ್ರಿಂಗಿಗೆ ಬರೀ ಒಂದು ಘರ್ಷಣೆಯ ಅಂಕ ಸಾಲದು. ಪೈಪ್ ತನ್ನ ತೂಕಕ್ಕೆ, ಅದಕ್ಕೂ ಹೆಚ್ಚಾಗಿ ಇಳಿಸುವಾಗಿನ ಕುಲುಕಾಟಕ್ಕೆ, ಜೇಡಿಯಲ್ಲಿ ಸ್ವಲ್ಪ ಹೂತುಕೊಂಡಿರುತ್ತದೆ. ಆ ಗುಂಡಿಯಿಂದ ಎದ್ದು ಬರಲು ಮೊದಲು ಹೆಚ್ಚು ಬಲ ಬೇಕು. ಎದ್ದ ಮೇಲೆ ಹಿಡಿತ ಇಳಿಯುತ್ತದೆ. ಮುಂದೆ ತಳ್ಳುತ್ತ ಹೋದಂತೆ ಎದುರಿಗೆ ಮಣ್ಣಿನ ದಿಬ್ಬ ಗುಡ್ಡೆಯಾಗಿ ಮತ್ತೆ ಏರುತ್ತದೆ. ಬಲ–ಸರಿತದ ಈ ಏರಿಳಿತದ ಗೆರೆಯನ್ನೇ ಸ್ಪ್ರಿಂಗಿಗೆ ಕೊಡಬೇಕು. ಅಬಾಕಸ್, ಆನ್ಸಿಸ್‌ನಂಥ ಫೈನೈಟ್ ಎಲಿಮೆಂಟ್ ಸಾಫ್ಟ್‌ವೇರ್ ಈ ಕೆಲಸಕ್ಕೆ ಬೇಕಾಗುವುದು ಇದಕ್ಕೇ. ಇಲ್ಲೂ ಮಿತಿಗಳ ಆಟ ಇದೆ. ಅಡ್ಡ ಹಿಡಿತ ಹೆಚ್ಚಿದ್ದರೆ ಪೈಪ್ ಬೇಗ ಹೊರಳುವುದಿಲ್ಲ, ನಿಜ. ಆದರೆ ಹೊರಳಿತೆಂದರೆ ಚಿಕ್ಕ ಜಾಗದಲ್ಲಿ ಚೂಪಾಗಿ ಮಡಿಯುತ್ತದೆ. ಹಿಡಿತ ಕಡಿಮೆಯಿದ್ದರೆ ಉದ್ದಕ್ಕೆ ಹರಡಿ ಸೌಮ್ಯವಾಗಿ ಬಾಗುತ್ತದೆ. ಗಟ್ಟಿ ಸಪೋರ್ಟ್ ಎಂದರೆ ಸುರಕ್ಷಿತ ಸಪೋರ್ಟ್ ಎಂಬ ರ‍್ಯಾಕಿನ ಕಾಲದ ನಂಬಿಕೆಯನ್ನು ಕಡಲಿಗೆ ಬರುವಾಗ ದಡದಲ್ಲೇ ಬಿಟ್ಟು ಬರಬೇಕು.

ಹೊರಳುವುದು ಖಚಿತ ಎಂದಾದರೆ ಎಲ್ಲಿ ಹೊರಳಬೇಕೆಂದು ನಾವೇ ಆರಿಸುವುದು ಈಗಿನ ರೀತಿ. ಪೈಪಿನಡಿ ಅಡ್ಡಲಾಗಿ ಸ್ಲೀಪರ್ ಎಂಬ ತೊಲೆ ಇಟ್ಟು, ಅಲ್ಲಿ ಅದನ್ನು ತಳದಿಂದ ಎತ್ತಿ, ಸಲೀಸಾಗಿ ಜಾರಲು ಬಿಡುತ್ತಾರೆ. ಡಿಎನ್‌ವಿ ಆರ್‌ಪಿ-ಎಫ್110 ಈ ಬಗೆಯ ವಿನ್ಯಾಸಕ್ಕೆ ದಾರಿ ತೋರಿಸುತ್ತದೆ. ಸ್ಲೀಪರನ್ನು ಮಾಡೆಲ್ ಮಾಡುವಾಗ ಒಂದು ಸೂಕ್ಷ್ಮ ಇದೆ. ಪೈಪ್ ಉದ್ದಕ್ಕೂ ಅಡ್ಡಕ್ಕೂ ಮೀಟರುಗಟ್ಟಲೆ ಸರಿಯುವುದರಿಂದ, ಮೊದಲು ಸ್ಲೀಪರಿನ ಮೇಲಿದ್ದ ನೋಡ್ ಆಮೇಲೆ ಅಲ್ಲಿರುವುದಿಲ್ಲ. ನೋಡಿಗೆ ಅಂಟಿಸಿದ ರೆಸ್ಟ್ ಪೈಪಿನ ಜೊತೆಗೇ ಪ್ರಯಾಣ ಮಾಡುತ್ತದೆ, ನಿಜವಾದ ಸ್ಲೀಪರ್ ಇದ್ದಲ್ಲೇ ಇರುತ್ತದೆ. ಆದ್ದರಿಂದ ಸ್ಲೀಪರನ್ನು ಪ್ರತ್ಯೇಕ ಮೇಲ್ಮೈಯಾಗಿ ಮಾಡಿ, ಪೈಪ್ ಅದರ ಮೇಲೆ ಜಾರುವಂತೆ ಕಾಂಟ್ಯಾಕ್ಟ್ ಕೊಡಬೇಕು.

ತಳ ಕೈಬಿಟ್ಟ ಜಾಗ

ಕಡಲ ತಳ ಸಮನಾಗಿರುವುದಿಲ್ಲ. ಎರಡು ದಿಬ್ಬಗಳ ನಡುವೆ ಪೈಪ್ ಗಾಳಿಯಲ್ಲಿ, ಅಂದರೆ ನೀರಿನಲ್ಲಿ, ತೂಗಿ ನಿಲ್ಲುತ್ತದೆ. ಫ್ರೀ ಸ್ಪ್ಯಾನ್. ಅಲ್ಲಿ ಹರಿವು ಪೈಪನ್ನು ದಾಟುವಾಗ ಹಿಂದೆ ಸುಳಿಗಳು ಎಡಬಲ ಬಿಟ್ಟುಬಿಟ್ಟು ಏಳುತ್ತವೆ, ಅವುಗಳ ತಾಳ ಪೈಪಿನ ಸ್ವಂತ ತಾಳಕ್ಕೆ ಹೊಂದಿದರೆ ಪೈಪ್ ನಡುಗಲು ಶುರುಮಾಡಿ ವೆಲ್ಡಿಂಗ್‌ಗಳು ದಣಿಯುತ್ತವೆ. ಡಿಎನ್‌ವಿ ಆರ್‌ಪಿ-ಎಫ್105 ಇದರ ಲೆಕ್ಕದ ಪುಸ್ತಕ.

ಪೈಪಿನ ಸ್ವಂತ ತಾಳವನ್ನು ತೀರ್ಮಾನಿಸುವುದು ಅದರ ಎರಡು ಹೆಗಲು, ಅಂದರೆ ಸ್ಪ್ಯಾನಿನ ಆಚೀಚೆ ಪೈಪ್ ತಳ ಮುಟ್ಟುವ ಜಾಗ. ನಮ್ಮ ಅದೇ ಪೈಪಿಗೆ 30 ಮೀಟರ್ ಸ್ಪ್ಯಾನ್ ಇದೆ ಎನ್ನಿ. ಹೆಗಲುಗಳಲ್ಲಿ ಪೈಪ್ ಸ್ವತಂತ್ರವಾಗಿ ತಿರುಗಬಲ್ಲದು ಎಂದು ಬರೆದರೆ ಸೆಕೆಂಡಿಗೆ 0.66 ಬಾರಿ ತೂಗುತ್ತದೆ. ಹೆಗಲುಗಳು ಪೂರ್ತಿ ಬಿಗಿ ಎಂದು ಬರೆದರೆ 1.5 ಬಾರಿ. ಸೆಕೆಂಡಿಗೆ ಒಂದು ಮೀಟರ್ ಹರಿವಿನಲ್ಲಿ ಸುಳಿಗಳು ಏಳುವ ತಾಳ ಸುಮಾರು 0.62. ಮೊದಲ ಮಾಡೆಲ್ ಪ್ರಕಾರ ಪೈಪ್ ಅಪಾಯದ ಬಾಗಿಲಲ್ಲೇ ನಿಂತಿದೆ. ಎರಡನೆಯದರ ಪ್ರಕಾರ ಅದು ಬಹಳ ದೂರ ಇದೆ. ನಿಜವಾದ ಮಣ್ಣು ಈ ಎರಡರ ನಡುವೆ ಎಲ್ಲೋ ಇರುತ್ತದೆ, ಆ ಎಲ್ಲೋ ಎಂಬುದನ್ನು ಹೆಗಲಿನ ಲಂಬ ಸ್ಪ್ರಿಂಗುಗಳ ಗಟ್ಟಿತನವೇ ಹೇಳಬೇಕು. ಇಲ್ಲಿ ಆಂಕರ್ ಒತ್ತಿ ಕುಳಿತವರು ಕೆಟ್ಟ ಸುದ್ದಿಯನ್ನು ಒಂದು ಕ್ಲಿಕ್ಕಿನಲ್ಲಿ ಅಳಿಸಿದಂತೆ.

ಇನ್ನೊಂದು ವಿಚಾರವನ್ನು ಇಲ್ಲೇ ಹೇಳಬೇಕು. ಮೇಲಿನ ತಾಳದ ಲೆಕ್ಕದಲ್ಲಿ ಉದ್ದಕ್ಕೆ ಬಲ ಇಲ್ಲ ಎಂದುಕೊಂಡಿದ್ದೇವೆ. ಈ ಸ್ಪ್ಯಾನ್ ಎರಡೂ ಹೆಗಲು ಸಡಿಲ ಇದ್ದರೆ ಸುಮಾರು 415 ಕಿಲೋನ್ಯೂಟನ್ ಒತ್ತಿಗೇ ಬಾಗಿ ಕೈಚೆಲ್ಲುತ್ತದೆ, ಪೂರ್ತಿ ಬಿಗಿ ಇದ್ದರೆ ಅದರ ನಾಲ್ಕರಷ್ಟಕ್ಕೆ. ವರ್ಚುವಲ್ ಆಂಕರಿನ ಆಚೆ ಇರುವ ಬಲವೋ 2130! ಆ ಭಾಗದಲ್ಲಿ 30 ಮೀಟರಿನ ಸ್ಪ್ಯಾನ್ ಪಠ್ಯಪುಸ್ತಕದ ತೊಲೆಯಂತೆ ನೇರ ನಿಲ್ಲುವುದೇ ಇಲ್ಲ. ಜೋತು ಕೆಳಗೆ ತಾಗುತ್ತದೆ ಅಥವಾ ಹೊರಳುತ್ತದೆ, ಹಾಗೆ ಹೊರಳಿ ಬಲವನ್ನು ಇಳಿಸಿಕೊಳ್ಳುತ್ತದೆ. ಸ್ಪ್ಯಾನನ್ನು ಪೈಪ್‌ಲೈನಿನಿಂದ ಕತ್ತರಿಸಿ ತೆಗೆದು ಒಂಟಿಯಾಗಿ ಲೆಕ್ಕ ಮಾಡುವವರು ನೆನಪಿಡಬೇಕಾದ ಮಾತು ಇದು.

ಸ್ಪ್ಯಾನ್ ತುಂಬ ಉದ್ದವಾದರೆ ನಡುವೆ ಗ್ರೌಟ್ ಬ್ಯಾಗ್ ಇಡುತ್ತಾರೆ: ಪೈಪಿನಡಿ ಖಾಲಿ ಚೀಲ ಇಟ್ಟು ಸಿಮೆಂಟ್ ಗ್ರೌಟ್ ತುಂಬಿಸುವುದು. ಕೆಲವು ಕಡೆ ಕಲ್ಲು ಸುರಿಯುತ್ತಾರೆ, ಕೆಲವು ಕಡೆ ಕಾಂಕ್ರೀಟ್ ಮ್ಯಾಟ್ರೆಸ್. ಇದನ್ನು ಮಾಡೆಲ್‌ನಲ್ಲಿ ಹೇಗೆ ಹಾಕುತ್ತಾರೆ? ನಡುವಿನ ನೋಡಿಗೆ ಒಂದು ರೆಸ್ಟ್ ಸೇರಿಸಿ, ಮೊದಲಿನಿಂದ ಓಡಿಸುತ್ತಾರೆ. ಆಗ ಸಾಫ್ಟ್‌ವೇರ್ ನಮ್ಮ ಪೈಪಿಗೆ ಆ ಸಪೋರ್ಟ್ ಸುಮಾರು 17 ಕಿಲೋನ್ಯೂಟನ್ ಹೊತ್ತಿದೆ ಎನ್ನುತ್ತದೆ, ಸ್ಪ್ಯಾನಿನ ಬಾಗು ಇಳಿದದ್ದನ್ನೂ ತೋರಿಸುತ್ತದೆ. ನಡೆದದ್ದು ಬೇರೆ. ಚೀಲ ಇಡುವ ಹೊತ್ತಿಗೆ ಪೈಪ್ ಆಗಲೇ ಜೋತಾಗಿದೆ. ಹೆಗಲು ಸಡಿಲವಾಗಿದ್ದರೆ 25 ಸೆಂ.ಮೀ.ವರೆಗೂ. ಜೋತ ಪೈಪಿನ ಹೊಟ್ಟೆಗೆ ಚೀಲ ತಾಗಿಸಿ ಗಟ್ಟಿಯಾಗಲು ಬಿಟ್ಟರೆ ಆ ಕ್ಷಣಕ್ಕೆ ಅದು ಹೊತ್ತ ಭಾರ ಬಹುತೇಕ ಸೊನ್ನೆ. ಹೆಗಲಿನ ಮೇಲಿನ ಬಾಗು ಒಂದಿಷ್ಟೂ ಇಳಿದಿಲ್ಲ. ಪೈಪ್ ಒಳಗೆ ನೀರು ತುಂಬಿ ಭಾರ ಹೆಚ್ಚಾದರೆ, ಬಿಸಿ ಏರಿದರೆ, ಅಲ್ಲಿಂದ ಮುಂದಿನ ಬದಲಾವಣೆಗೆ ಮಾತ್ರ ಚೀಲ ಹೆಗಲು ಕೊಡುತ್ತದೆ. ಪೈಪ್ ಖಾಲಿ ಮಾಡಿ ಹಗುರವಾದರೆ ಚೀಲ ಬಿಟ್ಟು ಏಳಲೂಬಹುದು. ಹಾಗಾಗಿ ಮಾಡೆಲ್‌ನಲ್ಲಿ ಮೊದಲು ಪೈಪ್ ಜೋಲಲು ಬಿಟ್ಟು, ಆಮೇಲಿನ ಹಂತದಲ್ಲಿ ಆ ಎತ್ತರಕ್ಕೆ ಸರಿಯಾಗಿ, ಕೆಳಮುಖಕ್ಕೆ ಮಾತ್ರ ತಡೆಯುವ ಸಪೋರ್ಟನ್ನು ಸೇರಿಸಬೇಕು. ಚೀಲ ಮಣ್ಣಿನಲ್ಲಿ ಕುಸಿಯುವುದಕ್ಕೂ ಒಂದು ಸ್ಪ್ರಿಂಗ್ ಕೊಡಬೇಕು. ಈ ಒಂದು ಅಂಶ ಅರ್ಥವಾದರೆ ಸಬ್‌ಸೀ ಸಪೋರ್ಟಿನ ಅರ್ಧ ವಿದ್ಯೆ ಕೈಗೆ ಬಂದಂತೆ.

ರೈಸರಿನ ಕ್ಲ್ಯಾಂಪ್

ತಳದಿಂದ ಪ್ಲಾಟ್‌ಫಾರ್ಮಿಗೆ ಏರುವ ರೈಸರ್ ಮನುಷ್ಯರು ಇರುವ ಜಾಗಕ್ಕೆ ಅತಿ ಹತ್ತಿರದ ಪೈಪು. ಮುಂಬೈ ಹೈನಲ್ಲಿ 2005ರ ಜುಲೈ 27ರಂದು ಸಹಾಯಕ ಹಡಗೊಂದು ಪ್ಲಾಟ್‌ಫಾರ್ಮಿನ ರೈಸರಿಗೆ ಬಡಿದು ಹೊತ್ತಿದ ಬೆಂಕಿ 22 ಜನರನ್ನು ಬಲಿ ತೆಗೆದುಕೊಂಡಿತು. ರೈಸರನ್ನು ಎಲ್ಲಿ ಕಟ್ಟುತ್ತೇವೆ, ಹೇಗೆ ಕಟ್ಟುತ್ತೇವೆ ಎಂಬುದನ್ನು ಕಾಗದದ ಲೆಕ್ಕವೆಂದು ನೋಡಬಾರದು.

ಮುಂಬೈ ಹೈನಂಥ, ಸುಮಾರು 75 ಮೀಟರ್ ಆಳದ ಕಡಲಲ್ಲಿ ಜಾಕೆಟ್ ಎಂಬ ಉಕ್ಕಿನ ಚೌಕಟ್ಟಿನ ಕಾಲಿಗೆ ರೈಸರನ್ನು ಕ್ಲ್ಯಾಂಪುಗಳಿಂದ ಹಿಡಿಸಿರುತ್ತಾರೆ. ಮೇಲಿನದ್ದು ತೂಗು ಕ್ಲ್ಯಾಂಪ್, ರೈಸರಿನ ತೂಕ ಹೊರುವುದು ಅದೇ. ಕೆಳಗಿನವು ಗೈಡ್‌ಗಳು: ಒಳಗೆ ನಿಯೊಪ್ರೀನ್ ರಬ್ಬರ್ ಹಾಸು, ಅಡ್ಡಕ್ಕೆ ತಡೆ, ಉದ್ದಕ್ಕೆ ಜಾರಲು ಬಿಡುವಿಕೆ. ಬಿಸಿಯಾದ ರೈಸರ್ ಕೆಳಕ್ಕೆ ಚಾಚುತ್ತದೆ, ಚಾಚಿದ್ದನ್ನು ಬುಡದ ಬೆಂಡೂ ಸ್ಪೂಲೂ ನುಂಗುತ್ತವೆ. ಗೈಡನ್ನು ತಪ್ಪಿ ಆಂಕರ್ ಮಾಡಿದರೆ ರೈಸರ್ ತನ್ನೊಳಗೇ ಸಿಕ್ಕಿಬೀಳುತ್ತದೆ. ಗೈಡಿನ ಸಂದನ್ನು ಮಾಡೆಲ್‌ನಲ್ಲಿ ಬರೆಯದೆ ಬಿಟ್ಟರೆ ಬಲ ಮುಂಚೆಯೇ ಆ ಕ್ಲ್ಯಾಂಪಿಗೆ ಹೋಗಿ, ಪಕ್ಕದ ಕ್ಲ್ಯಾಂಪಿನ ಪಾಲು ಕಡಿಮೆ ಕಾಣುತ್ತದೆ.

ಕ್ಲ್ಯಾಂಪ್ ಕೂಡ ನಿಂತ ಜಾಗದಲ್ಲಿ ನಿಂತಿರುವುದಿಲ್ಲ ಎಂಬುದು ಮರೆತುಹೋಗುವ ವಿಷಯ. ಮಳೆಗಾಲದ ಅಲೆಗೆ ಜಾಕೆಟ್ ತೂಗುತ್ತದೆ. ನೀರಿನ ಮಟ್ಟದ ಹತ್ತಿರ ಹೆಚ್ಚು, ತಳದ ಬಳಿ ಬಹುತೇಕ ಇಲ್ಲ. ಆ ತೂಗಾಟವನ್ನು ಸ್ಟ್ರಕ್ಚರಲ್ ವಿಭಾಗದಿಂದ ಕೇಳಿ ಪಡೆದು, ಪ್ರತಿ ಕ್ಲ್ಯಾಂಪಿಗೂ ಅದರ ಎತ್ತರಕ್ಕೆ ತಕ್ಕ ಸರಿತ ಕೊಡಬೇಕು. ರೈಸರಿನ ಮೇಲೆ ಅಲೆಯ ಹೊಡೆತ ಹಾಕಿ, ಕ್ಲ್ಯಾಂಪನ್ನು ಮಾತ್ರ ಭೂಮಿಗೆ ನೆಟ್ಟಂತೆ ಬಿಟ್ಟ ಮಾಡೆಲ್ ಅರ್ಧ ಮಾಡೆಲ್.

ಕ್ರಮ, ಮತ್ತೆ ಪರೀಕ್ಷೆ

ಘರ್ಷಣೆ ಇರುವ ಕಡೆ ಕಥೆಯ ಕ್ರಮ ಬದಲಾದರೆ ಕೊನೆಯೂ ಬದಲಾಗುತ್ತದೆ. ಆದ್ದರಿಂದ ಪೈಪ್ ಬದುಕಿದ ಹಾಗೆಯೇ ಹಂತಗಳು ಸಾಗಬೇಕು: ಖಾಲಿಯಾಗಿ ಇಳಿಸುವುದು, ನೀರು ತುಂಬುವುದು, ಹೈಡ್ರೊಟೆಸ್ಟ್ (ನೀರಿನ ಪ್ರೆಶರ್ ಏರಿಸಿ ಪರೀಕ್ಷಿಸುವುದು), ನೀರು ತೆಗೆಯುವುದು, ಬಿಸಿ ತೈಲ, ನಿಲುಗಡೆ, ಮತ್ತೆ ಬಿಸಿ. ಕೆಲವು ಪೈಪುಗಳು ಪ್ರತಿ ಬಿಸಿ–ತಣ್ಣನೆಯ ಸುತ್ತಿಗೂ ಸ್ವಲ್ಪ ಸ್ವಲ್ಪ ಒಂದೇ ದಿಕ್ಕಿಗೆ ನಡೆದು ಹೋಗುತ್ತವೆ. ಒಂದೇ ಹಂತ ಓಡಿಸಿದವರಿಗೆ ಅದು ಕಾಣುವುದಿಲ್ಲ.

ಫಲಿತಾಂಶ ಬಂದ ಮೇಲೆ ಸ್ಟ್ರೆಸ್ ಪಟ್ಟಿಗೆ ಹಾರುವ ಮೊದಲು ಸಪೋರ್ಟ್ ಪಟ್ಟಿ ತೆರೆಯಿರಿ. ಎಲ್ಲ ಲಂಬ ಆಸರೆಗಳ ಭಾರ ಕೂಡಿಸಿ; ಮುಳುಗಿದ ತೂಕಕ್ಕೆ ತಾಳೆಯಾಗಬೇಕು. ಕೆಳಮುಖಕ್ಕೆ ಮಾತ್ರ ತಡೆಯಬೇಕಾದ ಸಪೋರ್ಟ್ ಎಲ್ಲಾದರೂ ಪೈಪನ್ನು ಕೆಳಕ್ಕೆ ಎಳೆಯುತ್ತಿದೆಯೇ ನೋಡಿ. ಎಳೆಯುತ್ತಿದ್ದರೆ ಅದರ ಏಕಮುಖ ಗುಣ ಬಿಟ್ಟುಹೋಗಿದೆ. ಪೈಪಿನ ಉದ್ದಕ್ಕೂ ಎಫೆಕ್ಟಿವ್ ಬಲದ ನಕ್ಷೆ ತೆಗೆದು, ತುದಿಯಿಂದ ಒಳಕ್ಕೆ ಏರುವ ಗೆರೆಯ ಓಟ ಅಳೆಯಿರಿ. ನಮ್ಮ ಪೈಪಿಗೆ 0.5 ಘರ್ಷಣೆಯಲ್ಲಿ ಅದು ಕಿಲೋಮೀಟರಿಗೆ 457 ಕಿಲೋನ್ಯೂಟನ್ ಇರಬೇಕು. ಅದರ ಎರಡರಷ್ಟಕ್ಕೆ ಹತ್ತಿರ ಬಂದರೆ ತೇಲುವಿಕೆ ಮರೆತಿದ್ದೀರಿ. ಗೆರೆ ಏರುವ ಬದಲು ಮೊದಲ ನೋಡಿನಲ್ಲೇ 2130ಕ್ಕೆ ಜಿಗಿದಿದ್ದರೆ ಎಲ್ಲೋ ಒಂದು ಆಂಕರ್ ಕುಳಿತಿದೆ.

ಕೊನೆಗೆ, ಬೇಲೂರಿನ ಆ ಹುಡುಗಿಗೆ ಹೇಳಿದ ಒಂದು ಅಭ್ಯಾಸವನ್ನು ಇಲ್ಲೂ ಬರೆಯುತ್ತೇನೆ. ವರದಿಯ ಹಿಂದೆ ಸಪೋರ್ಟ್‌ಗಳ ಒಂದು ಕೋಷ್ಟಕ ಇರಲಿ. ಪ್ರತಿ ಸಪೋರ್ಟಿಗೂ ಪ್ರತಿ ದಿಕ್ಕಿನ ಗಟ್ಟಿತನ, ಸಂದು, ಘರ್ಷಣೆ, ಅದು ಯಾವ ಹಂತದಲ್ಲಿ ಸೇರಿತು ಎಂಬುದು, ಮತ್ತು ಆ ಅಂಕ ಎಲ್ಲಿಂದ ಬಂತು: ಮಣ್ಣಿನ ವರದಿಯ ಯಾವ ಪುಟ, ಕ್ಲ್ಯಾಂಪಿನ ಯಾವ ಡ್ರಾಯಿಂಗ್. ಮೂಲ ಬರೆಯಲು ಬಾರದ ಮನೆ ಸಿಕ್ಕಿತೆಂದರೆ ಅಲ್ಲಿ ಸಾಫ್ಟ್‌ವೇರ್ ತಾನೇ ತುಂಬಿಕೊಂಡ ಅಂಕ ಕುಳಿತಿರುತ್ತದೆ. ಮರುಪರಿಶೀಲನೆ ಆ ಮನೆಯಿಂದಲೇ ಶುರುವಾಗಲಿ.